ವಿರೋಧ ಇದ್ದವರು

ಪಕ್ಷದ ವಲಯ ಸಮಿತಿ ಕಚೇರಿ ಆರ್‌ಪಿಸಿ ಲೇಔಟಿನಲ್ಲಿ, ಬೇಕರಿಯೊಂದರ ಮೇಲಿನ ಕೋಣೆ. ಭಾನುವಾರದ ಸಭೆಗೆ ಇದ್ದ ವಿಷಯಗಳು ಎರಡೇ. ಒಂದು, ನೆರೆಯ ದೇಶವನ್ನು ಆಳುತ್ತಿರುವ ಸೋದರ ಪಕ್ಷ ಆ ವಾರ ಘೋಷಿಸಿದ ಸುಧಾರಣೆಗಳು: ಪತ್ರಿಕೆಗಳ ಮೇಲಿನ ನಿರ್ಬಂಧ ರದ್ದು, ಬೇರೆ ಪಕ್ಷಗಳಿಗೂ ಚುನಾವಣೆಗೆ ನಿಲ್ಲಲು ಅವಕಾಶ. ಇನ್ನೊಂದು, ವಲಯಕ್ಕೆ ಹೊಸ ಕಾರ್ಯದರ್ಶಿಯ ಆಯ್ಕೆ. ಎಪ್ಪತ್ತು ದಾಟಿದ ಸೇತುರಾಮ ಆ ಸ್ಥಾನ ಬಿಡುತ್ತಿದ್ದರು. ನಗರದಂಚಿನ ಉಲ್ಲಾಳದ ಕಡೆ ಗಾರ್ಮೆಂಟ್ಸ್ ಕಾರ್ಮಿಕರ ಸಂಘ ಕಟ್ಟಿದ್ದ ಕಲಾವತಿಯ ಹೆಸರಿಗೆ ಎಲ್ಲರ ಒಪ್ಪಿಗೆ ಇತ್ತು. ರಾಜ್ಯ ಸಮಿತಿಯಿಂದ ಬಂದಿದ್ದ ಮುರಳೀಕೃಷ್ಣ ಹೂಂ ಎನ್ನುವುದಷ್ಟೇ ಬಾಕಿ.

ಮೊದಲ ವಿಷಯದ ನಿರ್ಣಯವನ್ನು ಮುರಳೀಕೃಷ್ಣ ಟೈಪ್ ಮಾಡಿಸಿಯೇ ತಂದಿದ್ದರು. ‘ಸೋದರ ದೇಶದ ಬೆಳವಣಿಗೆಗಳನ್ನು ಸಮಿತಿ ಗಮನಿಸಿದೆ’ ಎಂದು ಓದಿದರು.

“ಗಮನಿಸಿದೆ ಅಂದ್ರ ಏನ್ರೀ?” ಕಲಾವತಿ ಕೇಳಿದರು. ಗದಗ ಬಿಟ್ಟು ಬಹಳ ವರ್ಷವಾದರೂ ಅವರ ಮಾತು ಬದಲಾಗಿರಲಿಲ್ಲ.

“ಗಮನಿಸಿದೆ ಅಂದ್ರೆ ಗಮನಿಸಿದೆ, ಕಾಮ್ರೇಡ್.”

“ನಮ್ಮ ಫ್ಯಾಕ್ಟರಿ ಮ್ಯಾನೇಜರೂ ಹಂಗ ಅಂತಾನ್ರಿ. ಕುಡಿಯೋ ನೀರಿಲ್ಲ ಅಂತ ಅರ್ಜಿ ಕೊಟ್ರ, ಗಮನಿಸೇನಿ ಅಂತಾನ. ಸ್ವಾಗತಿಸಿದೆ ಅಂತ ಬರೀರಿ.”

ಒಂದಿಬ್ಬರು ನಕ್ಕರು. ಮುರಳೀಕೃಷ್ಣ ನಗಲಿಲ್ಲ. “ಅಲ್ಲಿ ಮುಂದೆ ಏನಾಗುತ್ತೋ ಯಾರಿಗೂ ಗೊತ್ತಿಲ್ಲ. ಇವತ್ತು ಸ್ವಾಗತ ಅಂದ್ರೆ, ನಾಳೆ ನಮ್ಮವರೇ ಇಲ್ಲೂ ಅದೇ ಬೇಕು ಅಂತಾರೆ.”

“ಅಂದ್ರ ಅನ್ಲಿ ಬಿಡ್ರಿ.”

“ಎರಡನೇ ವಿಷಯ ನಿಮ್ಮದೇ ಇದೆ,” ಮುರಳೀಕೃಷ್ಣ ದನಿ ಏರಿಸಲಿಲ್ಲ. “ಕಾರ್ಯದರ್ಶಿ ಆಗೋರು ಸಮಿತಿ ಜೊತೆ ಇರಬೇಕು.”

ಸೇತುರಾಮ ನಿರ್ಣಯವನ್ನು ಮತಕ್ಕೆ ಹಾಕಿದರು.

ಈ ಸಮಿತಿಯ ಪದ್ಧತಿ ಸರಳವಾದದ್ದು. ‘ಪರ ಇದ್ದವರು’ ಎಂದು ಕಾರ್ಯದರ್ಶಿ ಕೇಳುತ್ತಾರೆ. ಕೈಗಳು ಏಳುತ್ತವೆ. ‘ಸರ್ವಾನುಮತ’ ಎಂದು ಹೇಳಿ ಮುಂದಕ್ಕೆ ಹೋಗುತ್ತಾರೆ. ವಿರೋಧ ಇದ್ದವರನ್ನು ಕೇಳುವ ರೂಢಿಯೇ ಇರಲಿಲ್ಲ. ಕೈ ಎತ್ತದವರೂ ಎತ್ತಿದವರ ಲೆಕ್ಕಕ್ಕೇ ಸೇರುತ್ತಿದ್ದರು. ಜಗಳ ತಪ್ಪಿಸಲೆಂದು ಇದನ್ನು ತಂದವರು ಸೇತುರಾಮರೇ.

ಕೈಗಳು ಎದ್ದವು. ಕಲಾವತಿಯ ಕೈ ಮಡಿಲಲ್ಲೇ ಇತ್ತು. ಸುಮ್ಮನೆ ಕುಳಿತಿದ್ದರೆ ಸಾಕಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅವರು ಕಾರ್ಯದರ್ಶಿ ಆಗುತ್ತಿದ್ದರು.

“ಸರ್ವಾನುಮತ. ಮುಂದೆ ಹೋಗೋಣ,” ಅಂದರು ಮುರಳೀಕೃಷ್ಣ.

“ವಿರೋಧ ಇದ್ದವರನ್ನೂ ಕೇಳ್ರಿ, ಸೇತುರಾಮಣ್ಣ.”

ಸೇತುರಾಮ ಕನ್ನಡಕ ತೆಗೆದರು. “ಯೋಚನೆ ಮಾಡಿದೀಯೇನಮ್ಮ?”

“ಮಾಡೇನ್ರಿ.”

“ಕೇಳೋ ಅಗತ್ಯ ಇಲ್ಲ,” ಎಂದರು ಮುರಳೀಕೃಷ್ಣ.

ಸೇತುರಾಮ ಕನ್ನಡಕ ಮತ್ತೆ ಹಾಕಿಕೊಂಡರು. “ವಿರೋಧ ಇದ್ದವರು,” ಎಂದು ಕೇಳಿದರು. ಆ ಕೋಣೆಯಲ್ಲಿ ಅವರು ಎಂದೂ ಆಡದ ಮಾತು ಅದು.

ಕಲಾವತಿ ಕೈ ಎತ್ತಿದರು. ಬೇರೆ ಯಾರೂ ಎತ್ತಲಿಲ್ಲ. ಸೇತುರಾಮರೂ ಎತ್ತಲಿಲ್ಲ, ಪರ ಎದ್ದ ಕೈಗಳಲ್ಲಿ ಅವರದೂ ಒಂದಾಗಿತ್ತು.

“ಎರಡನೇ ವಿಷಯ ಮುಂದಕ್ಕೆ ಹಾಕೋಣ. ಅಲ್ಲೀವರೆಗೂ ಸೇತುರಾಮ್ ಅವರೇ ಇರ್ಲಿ,” ಎಂದು ಮುರಳೀಕೃಷ್ಣ ಎದ್ದರು. “ನಡಾವಳೀಲಿ ಸರ್ವಾನುಮತ ಅಂತಾನೇ ಇರ್ಲಿ.”

“ಒಂದು ಕೈ ಎದ್ದಿತ್ತು,” ಅಂದರು ಸೇತುರಾಮ. ‘ಬಹುಮತದಿಂದ. ವಿರೋಧ: ಒಂದು’ ಎಂದು ಬರೆದರು.

“ಹೆಸರೂ ಬರೀರಿ,” ಕಲಾವತಿ ಬಸ್ಸಿಗೆ ಹೊರಡಲು ಚೀಲ ಎತ್ತಿಕೊಂಡರು. “ಇಲ್ಲಾಂದ್ರ ಇದನ್ನೂ ಬರೇ ಗಮನಿಸಿದಂಗ ಆಗ್ತದ.”

ಸೇತುರಾಮ ಬರೆದರು. ಅದರ ಕೆಳಗೆ, ಕಾರ್ಯದರ್ಶಿ ಎಂದಿದ್ದ ಕಡೆ ಮತ್ತೆ ತಮ್ಮದೇ ಸಹಿ ಹಾಕಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.