ಬಿಳಿ ಐದರ ಬೊಟ್ಟು

ತಂತಿಗೂ ಮರಕ್ಕೂ ನಡುವೆ ದಾವೂದ್ ಒಂದು ಬೆಂಕಿಕಡ್ಡಿ ತೂರಿಸಿದ. ಅದು ಸಲೀಸಾಗಿ ಹೋಯಿತು. ಅದರ ಮೇಲೆ ಇನ್ನೊಂದು ಕಡ್ಡಿ ಇಟ್ಟು ನೂಕಿದ, ಅದೂ ಹೋಯಿತು. ನಿನ್ನೆಯವರೆಗೆ ಅಲ್ಲಿ ಒಂದೇ ಕಡ್ಡಿಗೆ ಜಾಗವಿತ್ತು. ಗಿಟಾರನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಅದರ ಕತ್ತಿನುದ್ದಕ್ಕೂ ನೋಡಿದ. ಕತ್ತು ಮುಂದಕ್ಕೆ ಬಗ್ಗಿತ್ತು.

"ಇದನ್ನ ಯಾರು ಮುಟ್ಟಿದ್ದು ಅಕ್ಕಾ?"

ನೀಲಗಂಗವ್ವ ಟ್ರಂಕಿನ ಮೇಲೆ ಕೂತು ಬಿಸಿನೀರಿಗೆ ತುಪ್ಪ ಬಿಟ್ಟುಕೊಂಡು ಕುಡಿಯುತ್ತಿದ್ದಳು. ಮಾತಾಡಿದರೆ ಗಂಟಲು ಕೆಡುತ್ತದೆಂದು ಬೆಳಿಗ್ಗೆಯಿಂದ ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಈಗ ಮಾತ್ರ ಲೋಟ ಕೆಳಗಿಟ್ಟಳು.

"ಮಾಸ್ತರ್ರು. ಪೆಟಿಗಿ ಶ್ರುತಿಗೆ ಕೂಡಸ್ತೀನಂತ ತಿರುವಿದ್ರು. ಎರಡು ತಂತಿ ಹರದ್ವು. ತಂಬೂರಿದು ತಂದು ಹಾಕಿದ್ರು."

ಬಾಯಿಗೆ ಬಂದದ್ದನ್ನು ಹೆಂಗಸಿನ ಎದುರು ಆಡುವಂತಿಲ್ಲವೆಂದು ದಾವೂದ್ ನುಂಗಿಕೊಂಡ. ಕರುಳಿನ ತಂತಿಯ ಗಿಟಾರಿಗೆ ತಂಬೂರಿಯ ಉಕ್ಕಿನ ತಂತಿ ಬಿಗಿದಿದ್ದರು. ಅದೂ ಸಾಲದೆಂದು ಶ್ರುತಿಯನ್ನು ಮೂರು ಮನೆ ಮೇಲಕ್ಕೆ ಎಳೆದಿದ್ದರು.

ಪರಮೇಶ್ವರಪ್ಪ ಮಾಸ್ತರರನ್ನು ಈ ವಿಷಯದಲ್ಲಿ ಬೈದೂ ಪ್ರಯೋಜನವಿಲ್ಲ. ನಾಟಕ ಕಂಪನಿಯ ಮಾಲೀಕರು ಅವರೇ, ಹಾರ್ಮೋನಿಯಂ ಪೆಟ್ಟಿಗೆ ನುಡಿಸುವವರೂ ಅವರೇ. ಅವರ ಕೈಗೆ ಬಂದ ಯಾವ ವಾದ್ಯವಾದರೂ ಅವರ ಪೆಟ್ಟಿಗೆಗೆ ಹೊಂದಿಕೊಳ್ಳಬೇಕು, ಇಲ್ಲವೇ ಮುರಿಯಬೇಕು. ಆ ಪೆಟ್ಟಿಗೆಯ ಕಪ್ಪು ಬಿಳಿ ಮನೆಗಳ ಮೇಲೆ ಒಬ್ಬೊಬ್ಬ ನಟರಿಗೆ ಒಂದೊಂದು ಕುಂಕುಮದ ಬೊಟ್ಟು ಇರುತ್ತಿತ್ತು. ಯಾರ ಬೊಟ್ಟು ಯಾವ ಮನೆಯ ಮೇಲಿದೆಯೋ ಅವರು ಅದೇ ಶ್ರುತಿಯಲ್ಲಿ ಹಾಡಬೇಕು. ಮುಕ್ಕಾಮು ಬದಲಾದಾಗಲೆಲ್ಲ ಪೆಟ್ಟಿಗೆಗೆ ಪೂಜೆ ಮಾಡಿ, ಕುಂಕುಮಕ್ಕೆ ಹರಳೆಣ್ಣೆ ಕಲಸಿ, ಮಾಸ್ತರರು ಹಳೆಯ ಜಾಗದಲ್ಲೇ ಹೊಸ ಬೊಟ್ಟು ಇಡುತ್ತಿದ್ದರು. ಬೇರೆಯವರು ಅದನ್ನು ಮುಟ್ಟುವಂತಿರಲಿಲ್ಲ. ನೀಲಗಂಗವ್ವನ ಬೊಟ್ಟು ಕಪ್ಪು ಐದರ, ಎಂದರೆ ಐದನೇ ಕಪ್ಪು ಮನೆಯ, ಮೇಲಿತ್ತು. ಅದನ್ನು ಇಟ್ಟಾಗ ಅವಳಿಗೆ ಇಪ್ಪತ್ತೆರಡು ವರ್ಷ. ಈಗ ನಲವತ್ತೆರಡು. ಬೊಟ್ಟಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಈ ವಾರ ಮೂರು ಆಟದಲ್ಲಿ ಅವಳ ದನಿ ಒಡೆದಿತ್ತು. ಎರಡನೇ ಅಂಕದಲ್ಲಿ ನಾಯಕಿ ತೌರಿನ ಬಾಗಿಲಲ್ಲಿ ನಿಂತು ಹಾಡುವ ಹಾಡಿನಲ್ಲಿ, ಮೇಲಿನ ಸ್ವರಕ್ಕೆ ಹೋಗುವಾಗ, ದನಿ ಇದ್ದಕ್ಕಿದ್ದಂತೆ ಗಾಳಿಯಾಗಿಬಿಡುತ್ತಿತ್ತು. ಚಾಪೆಯ ಮೇಲೆ ಕೂತವರು ಮೊದಲ ದಿನ ಸುಮ್ಮನಿದ್ದರು, ಮೂರನೇ ದಿನ ನಕ್ಕರು. ಮಾಸ್ತರರು ಹುಬ್ಬಳ್ಳಿಗೆ ಕಾಗದ ಹಾಕಿ ಲಕ್ಷ್ಮೀ ಎಂಬ ಹತ್ತೊಂಬತ್ತರ ಹುಡುಗಿಯನ್ನು ಕರೆಸಿದ್ದರು. ಅವಳು ನಾಳೆ ಸೋಮವಾರದ ಬಸ್ಸಿಗೆ ಬರುವವಳಿದ್ದಳು. ಇವತ್ತಿನ ಹಗಲಾಟದಲ್ಲೂ ದನಿ ಒಡೆದರೆ ನಾಳೆಯಿಂದ ನೀಲಗಂಗವ್ವನಿಗೆ ಅತ್ತೆಯ ಪಾತ್ರ. ಅತ್ತೆಗೆ ಬೈಗುಳ ಬೇಕಾದಷ್ಟಿತ್ತು, ಹಾಡು ಒಂದೂ ಇರಲಿಲ್ಲ.

ದಾವೂದ್ ಕಂಪನಿಯವನಲ್ಲ, ಕಂಪನಿ ಈಗ ಮುಕ್ಕಾಮು ಮಾಡಿದ್ದ ಯಲ್ಲಾಪುರದ ಲಾರಿ ಡ್ರೈವರ್. ಗೋವೆಯ ಗಡಿ ತೆರೆದ ವರ್ಷ ಕಟ್ಟಿಗೆ ಹೇರಿಕೊಂಡು ಮಡಗಾವಿಗೆ ಹೋದವನು, ಊರು ಬಿಡುತ್ತಿದ್ದ ಮುದುಕ ದರ್ಜಿಯೊಬ್ಬನ ಸಾಮಾನನ್ನು ಬಂದರಿಗೆ ಮುಟ್ಟಿಸಿ ಈ ಗಿಟಾರನ್ನು ಇನಾಮು ಪಡೆದಿದ್ದ. ಜೊತೆಗೆ ತಂತಿಗಳ ಮೇಲೆ ಬೆರಳಿಡುವ ನಾಲ್ಕು ಹಿಡಿತ ಕಲಿತಿದ್ದ. ಲಾರಿ ರಿಪೇರಿಗೆ ನಿಂತಾಗ ಚಾದಂಗಡಿಯಲ್ಲಿ ನುಡಿಸುತ್ತ ಕೂತವನನ್ನು ಮಾಸ್ತರರು ಎಳೆದುಕೊಂಡು ಬಂದು, ಥೇಟರಿನ ಬೋರ್ಡಿನ ಮೇಲೆ 'ಗೋವಾ ಗಿಟಾರ್ ಸಹಿತ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು.

ಅವನು ತಂಬೂರಿಯ ತಂತಿ ಎರಡನ್ನೂ ಬಿಚ್ಚಿ ಬಿಸಾಡಿದ. ಉಳಿದವನ್ನು ಒಮ್ಮೆಲೇ ಸಡಿಲಿಸಲಿಲ್ಲ. ಒಂದರ ಬಿರಡೆ ಅರ್ಧ ಸುತ್ತು, ಆಮೇಲೆ ಇನ್ನೊಂದರದು ಅರ್ಧ ಸುತ್ತು, ಹೀಗೇ ಎಲ್ಲವನ್ನೂ ಸರದಿಯಲ್ಲಿ ಇಳಿಸಿದ. ಗೋಣಿಚೀಲದ ಮೇಲೆ ಗಿಟಾರನ್ನು ಅಂಗಾತ ಮಲಗಿಸಿ, ಒಂದು ಬೀಡಿ ಸೇದಿ ಬಂದ. ಇನ್ನೊಂದು ಸೇದಿ ಬಂದ. ಮೂರನೆಯದನ್ನು ಕಿವಿಗೆ ಸಿಕ್ಕಿಸಿಕೊಂಡು ಕಡ್ಡಿ ತೂರಿಸಿ ನೋಡಿದ. ಒಂದೇ ಹೋಯಿತು.

"ಬದುಕಿತು" ಎಂದ.

"ನಾ ಪೆಟಿಗಿ ಮುಂದ ಕುಂತಾಗ ನನಗ ಯಾರೂ ಹಿಂಗ ಬೀಡಿ ಸೇದಿ ಕಾಯಲಿಲ್ಲ ನೋಡು" ಎಂದಳು ನೀಲಗಂಗವ್ವ. ನಗಲು ಹೋದವಳಿಗೆ ಕೆಮ್ಮು ಬಂತು.

ತನ್ನ ಚೀಲದಲ್ಲಿದ್ದ ಹಳೆಯ ಕರುಳಿನ ತಂತಿ ಎರಡನ್ನು ಹಾಕಿ ಅವನು ಮತ್ತೆ ಏರಿಸತೊಡಗಿದ. ದಪ್ಪ ತಂತಿಗೆ ಸ್ವಲ್ಪ, ಆಮೇಲೆ ಸಣ್ಣದಕ್ಕೆ ಸ್ವಲ್ಪ, ಆಮೇಲೆ ನಡುವಿನವಕ್ಕೆ. ಒಂದು ಸುತ್ತು ಮುಗಿದ ಮೇಲೆ ಬೆರಳಿಂದ ತಂತಿಯನ್ನು ಮೆಲ್ಲಗೆ ಎತ್ತಿ ಬಿಡುತ್ತಿದ್ದ. ಅದು ಇಳಿದಷ್ಟು ಮತ್ತೆ ಏರಿಸುತ್ತಿದ್ದ. ಎಲ್ಲಿಯೂ ಅವಸರವಿಲ್ಲ.

"ಒಂದನ್ನೇ ಪೂರ್ತಿ ಯಾಕ ಬಿಗಿಯೂದಿಲ್ಲ?"

"ಒಂದೇ ಕಡೆ ಎಳದ್ರೆ ಕತ್ತು ತಿರುಚ್ತದೆ ಅಕ್ಕಾ. ಇದರೊಳಗೆ ಕಬ್ಬಿಣ ಇಲ್ಲ, ಬರೀ ಕಟ್ಟಿಗೆ. ಎಲ್ಲಾ ಕೂಡಿ ಏರ್ಬೇಕು. ಎಲ್ಲಿ ಸಾಕು ಅಂತ ಇದೇ ಹೇಳ್ತದೆ, ನಾವು ಕೇಳ್ಬೇಕು ಅಷ್ಟೇ."

"ಎಲ್ಲಿ ಸಾಕಂತೈತಿ?"

ಅವನು ಬೆರಳುಗಳನ್ನು ಇಟ್ಟು ಆರೂ ತಂತಿಗಳ ಮೇಲೆ ಹೆಬ್ಬೆಟ್ಟು ಎಳೆದ. "ಇಲ್ಲಿ. ಮಾಸ್ತರ ಪೆಟ್ಟಿಗೆ ಲೆಕ್ಕದಲ್ಲಿ ಬಿಳಿ ಐದು, ನಿಮ್ಮ ಬೊಟ್ಟಿಗಿಂತ ಮೂರು ಮನೆ ಕೆಳಗೆ. ಇದರ ಮೇಲೆ ನಾನಂತೂ ಎಳೆಯೋದಿಲ್ಲ. ಬೇಕಾದ್ರೆ ಬೋರ್ಡಿಂದ ಗಿಟಾರ್ ಅಳಿಸ್ಲಿ."

ಅವನು ಮತ್ತೊಮ್ಮೆ ಮೀಟಿದ. ನೀಲಗಂಗವ್ವ ತನಗರಿವಿಲ್ಲದೆ ಗುನುಗಿದಳು. ತೌರಿನ ಬಾಗಿಲ ಹಾಡೇ ಬಂತು. ಮೊದಲ ಸಾಲು ದಾಟಿತು, ಎರಡನೆಯದೂ ದಾಟಿತು. ಮೇಲಿನ ಸ್ವರ ಹತ್ತಿರ ಬಂದಾಗ ಅಭ್ಯಾಸದಿಂದ ಹೆಗಲು ಬಿಗಿಹಿಡಿದಳು. ಬಿಗಿಯುವ ಅಗತ್ಯವೇ ಬೀಳಲಿಲ್ಲ. ದನಿ ಅಲ್ಲಿಗೆ ಹೋಯಿತು, ನಿಂತಿತು, ಇನ್ನೂ ನಿಲ್ಲುತ್ತೇನೆ ಎಂದಿತು. ಅವಳು ನಿಲ್ಲಿಸಿ ಟ್ರಂಕಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಪ್ಪತ್ತು ವರ್ಷ ತುಪ್ಪ ಕುಡಿದು, ಮೆಣಸು ಜಗಿದು, ಉಪವಾಸ ಮಾಡಿ, ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಬೊಟ್ಟು ಮೂರು ಮನೆ ಕೆಳಗಿಡಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆಮೇಲೆ ಆ ಸಿಟ್ಟಿನ ದೊಡ್ಡ ಪಾಲು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಹೊರಟಿತು.

ಪರಮೇಶ್ವರಪ್ಪ ಪೆಟ್ಟಿಗೆಯ ಧೂಳು ಒರೆಸುತ್ತಿದ್ದರು.

"ಮಾಸ್ತರ್ರ, ಇವತ್ತ ನಾ ಬಿಳಿ ಐದಕ್ಕ ಹಾಡ್ತೀನ್ರಿ."

ಅವರು ತಲೆ ಎತ್ತಲಿಲ್ಲ. "ಕಪ್ಪು ಐದು ಅಂದ್ರ ಕಪ್ಪು ಐದು ನೀಲವ್ವ. ಇಪ್ಪತ್ತು ವರ್ಷ ಕಂಪನಿ ಅದರ ಮ್ಯಾಲೆ ನಿಂತೈತಿ."

"ಕಂಪನಿ ನಿಂತಿದ್ದು ನನ್ನ ಗಂಟಲ ಮ್ಯಾಲೆ ರೀ."

"ಮಾತು ಭಾಳ ಆತು. ಶ್ರುತಿ ಇಳಿಸಿದ್ರ ಜನ ಮುದುಕಿ ಹಾಡತಾಳ ಅಂತಾರ. ಆ ಸಾಬನ ಡಬ್ಬಿ ನೋಡಿ ಕುಣಿಬ್ಯಾಡ. ಏರಿಸಾಕ ಆಗೂದಿಲ್ಲಂದ್ರ ನಾಳೆ ಆಕಿ ಬರ್ತಾಳ."

ನೀಲಗಂಗವ್ವ ಬಣ್ಣ ಹಚ್ಚಿಕೊಳ್ಳಲು ಹೋದಳು. ಪರದೆಯ ಬಳಿ ದಾವೂದನಿಗೆ ಇಷ್ಟೇ ಹೇಳಿದಳು: "ನಿನ್ನ ಗಿಟಾರ ಎಲ್ಲಿ ಸಾಕಂದೈತೋ ಅಲ್ಲೇ ಇರ್ಲಿ."

ನಂದೊಳ್ಳಿ, ಉಮ್ಮಚಗಿಯ ಕಡೆಯವರು ಸಂಜೆಯೊಳಗೆ ಊರು ಸೇರಲೆಂದು ಭಾನುವಾರ ಹಗಲಾಟ ಇಟ್ಟಿದ್ದರು. ತಗಡಿನ ಸೂರಿನಡಿ ಚಾಪೆ, ಬೆಂಚು, ಕುರ್ಚಿ ಎಲ್ಲ ತುಂಬಿದ್ದವು. ಎರಡನೇ ಅಂಕದಲ್ಲಿ ತೌರಿನ ಬಾಗಿಲು ಬಂತು. ಮಾಸ್ತರರು ಕಪ್ಪು ಐದನ್ನು ಒತ್ತಿದರು. ನೀಲಗಂಗವ್ವ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಳು, ಹಾಡಲಿಲ್ಲ. ಮರೆತಳೇನೋ ಎಂದು ಅವರು ಮತ್ತೆ ಒತ್ತಿದರು. ಅವಳು ಅವರ ಕಡೆ ನೋಡಲೂ ಇಲ್ಲ. ಚಾಪೆಯವರಲ್ಲಿ ಗುಸುಗುಸು ಶುರುವಾಯಿತು. ಆಗ ಅವಳು ದಾವೂದನಿಗೆ ತಲೆ ಆಡಿಸಿದಳು, ಅವನು ತಂತಿಗಳ ಮೇಲೆ ಹೆಬ್ಬೆಟ್ಟು ಎಳೆದ, ಅವಳು ಹಾಡಿದಳು.

ಮಾಸ್ತರರು ಬಿಡಲಿಲ್ಲ. ತಿದಿ ಒತ್ತುತ್ತಲೇ ಇದ್ದರು. ಇಡೀ ಒಂದು ಸಾಲು ಪೆಟ್ಟಿಗೆ ಒಂದು ದಾರಿ, ಹಾಡು ಒಂದು ದಾರಿ. ಕೇಳಿದವರು ಹಲ್ಲು ಕಚ್ಚಬೇಕು, ಹಾಗಿತ್ತು. ತಬಲಾದ ವೀರಪ್ಪ ಇಬ್ಬರ ಮುಖವನ್ನೂ ನೋಡಿ, ತಾಳಕ್ಕೆ ಶ್ರುತಿಯ ಗೊಡವೆ ಏಕೆಂದು ಬಾರಿಸುತ್ತ ಹೋದ. ನೀಲಗಂಗವ್ವ ಬಾಗಿಲು ಬಿಟ್ಟು ಮುಂದೆ ಬಂದಳು, ಇನ್ನೂ ಮುಂದೆ ಬಂದಳು, ರಂಗದ ಅಂಚಿಗೆ ಬಂದು ನಿಂತು ಹಾಡಿದಳು. ಮೇಲಿನ ಸ್ವರ ಬಂತು. ಒಡೆಯಲಿಲ್ಲ. ಬೇಕೆಂದೇ ಅಲ್ಲಿ ಎಷ್ಟು ಹೊತ್ತು ನಿಲ್ಲಬಹುದೋ ಅಷ್ಟು ಹೊತ್ತು ನಿಂತಳು.

ಪೆಟ್ಟಿಗೆ ಸುಮ್ಮನಾಯಿತು. ಆಮೇಲೆ ಅದರ ದನಿ ಕಪ್ಪು ನಾಲ್ಕಕ್ಕೆ ಬಂದು ತಡವರಿಸಿತು, ಅಲ್ಲಿಂದ ಬಿಳಿ ಐದಕ್ಕೆ ಬಂದು ಕೂಡಿಕೊಂಡಿತು. ಹಾಡು ಮುಗಿದಾಗ ಚಾಪೆಯಿಂದ ಯಾರೋ "ವನ್ಸ್ ಮೋರ್" ಎಂದರು. ಬೆಂಚಿನ ಮೇಲಿದ್ದ ಉಮ್ಮಚಗಿಯ ಹೆಗಡೆಯೊಬ್ಬರು ಪಕ್ಕದವರಿಗೆ, "ಇವತ್ತು ಪದದ ಶಬ್ದ ಶಬ್ದ ಕೇಳ್ತು ಮಾರಾಯ" ಎಂದರು. ಅವಳು ಇನ್ನೊಮ್ಮೆ ಹಾಡಿದಳು.

ಆಟ ಮುಗಿದು ಜನ ಬಸ್ಸಿಗೆ ಓಡಿದ ಮೇಲೆ ಪರಮೇಶ್ವರಪ್ಪ ರಂಗದ ಮೇಲೆ ಬಂದರು. ಮುಖ ಊದಿಕೊಂಡಿತ್ತು.

"ಜನ ಚಪ್ಪಾಳಿ ಹೊಡದ್ರಂತ ತಿಳೀಬ್ಯಾಡ. ನಾಳೆ ಆಕಿ ಬರೂದು ಬರೂದ ಐತಿ."

"ಬರ್ಲಿ ರೀ. ಆಕಿ ಗಂಟಲಿಗೆ ಯಾವ ಮನಿ ಬೇಕು ಅಂತ ಮೊದಲ ಆಕಿನ್ನ ಕೇಳ್ರಿ. ಇಲ್ಲಂದ್ರ ನಾ ಕೇಳ್ತೀನಿ."

ಬಣ್ಣ ಕೂಡ ಒರೆಸಿಕೊಳ್ಳದೆ ಅವಳು ಪೆಟ್ಟಿಗೆಯ ಮುಂದೆ ಕೂತಳು. ಸೆರಗಿನ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿ ಕಪ್ಪು ಐದರ ಮೇಲಿನ ಬೊಟ್ಟನ್ನು ಉಜ್ಜಿದಳು. ವರ್ಷಗಳ ಎಣ್ಣೆ ಮೆತ್ತಿತ್ತು, ಬೇಗ ಹೋಗಲಿಲ್ಲ. ಉಗುರಿನಿಂದ ಕೆರೆದಳು. ಪೂಜೆಯ ತಟ್ಟೆಯಲ್ಲಿದ್ದ ಕುಂಕುಮಕ್ಕೆ ನಾಲ್ಕು ಹನಿ ನೀರು ಹಾಕಿ ಉಂಗುರದ ಬೆರಳಿನಿಂದ ಕಲಸಿದಳು. ಮಾಸ್ತರರ ಕೈ ಮುಂದೆ ಬಂತು. ಅವಳು ಕತ್ತೆತ್ತಿ ನೋಡಿದಳು. ಕೈ ಅಲ್ಲೇ ನಿಂತಿತು. ಅವಳು ಬಿಳಿ ಐದರ ಮೇಲೆ ಬೊಟ್ಟು ಇಟ್ಟು ಎದ್ದುಹೋದಳು.

ಪರದೆಯ ಬಳಿ ದಾವೂದ್ ತಂತಿಗಳನ್ನು ಅರ್ಧರ್ಧ ಸುತ್ತು ಇಳಿಸುತ್ತ ಕೂತಿದ್ದ. ಪರಮೇಶ್ವರಪ್ಪ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು. ಕುಂಕುಮ ಇನ್ನೂ ಹಸಿಯಾಗಿತ್ತು. ಮುಚ್ಚಳವನ್ನು ಹಾಗೇ ಎತ್ತಿ ಹಿಡಿದು, ಅದು ಒಣಗುವವರೆಗೆ ನಿಂತರು.