ಪೊನಿರಾಳ ಬಾಗಿಲಿನ ಮೊಳೆ

ಸಂಜೆಯ ನಮಾಜು ಮುಗಿದು, ಜಾವಾದ ಸೊನೊರೆಜೊ ಊರಿನ ಕೋಳಿಗಳೆಲ್ಲ ಗೂಡು ಸೇರಿದ ಮೇಲೆ ತುಕಿನಾ ಹೆಗಲಿಗೆ ಚೀಲ ಏರಿಸಿ ಹೊರಡುತ್ತಿದ್ದಳು. ಜೊತೆಗೆ ಪಕ್ಕದ ಮನೆಯ ದಾರ್ಮಿ. ಪ್ರತಿ ಮನೆಯ ಬಾಗಿಲ ಕಂಬಕ್ಕೂ ಒಂದು ಮೊಳೆ, ಮೊಳೆಗೊಂದು ಬಿದಿರಿನ ಗೊಟ್ಟ, ಗೊಟ್ಟದಲ್ಲಿ ಆ ಮನೆಯವರು ಹಾಕಿಟ್ಟ ಒಂದು ಹಿಡಿ ಅಕ್ಕಿ. ಜಾವಾದವರು ಇದನ್ನು ಜಿಂಪಿತಾನ್ ಎನ್ನುತ್ತಾರೆ, ಎಂದರೆ ಚಿಟಿಕೆ. ಹೆಸರಿಗೆ ಚಿಟಿಕೆ, ಕೊಡುವುದು ಹಿಡಿ. ಈ ಊರಿನವರು ಮಾತಿನಲ್ಲಿ ಜಿಪುಣರೇ ಹೊರತು ಕೈಯಲ್ಲಲ್ಲ.

ಅವರಿಬ್ಬರು ಮನೆಮನೆಯಿಂದ ಎತ್ತಿ ತಂದ ಆ ಅಕ್ಕಿಯಿಂದ ಬಾಣಂತಿಯರಿಗೆ ಗಂಜಿಯಾಗುತ್ತಿತ್ತು, ಹಾಸಿಗೆ ಹಿಡಿದವರ ಮನೆಗೆ ಊಟ ಹೋಗುತ್ತಿತ್ತು. ಯಾರ ಮನೆಯಲ್ಲಾದರೂ ಒಲೆ ಹೊತ್ತದಿದ್ದರೆ ಅದಕ್ಕೂ ತುಕಿನಾಳೇ ಕಟ್ಟಳೆ ಮಾಡಿಟ್ಟಿದ್ದಳು. ಗೊಟ್ಟ ಖಾಲಿಯಿದ್ದರೆ ಮೊದಲು ಬೆರಳು ಹಾಕಿ ತಳ ನೋಡಬೇಕು. ತಳ ಗಟ್ಟಿಯಿದ್ದರೆ ಗೊಟ್ಟದ ತುಂಬ ಅಕ್ಕಿ ಸುರಿದು ಸುಮ್ಮನೆ ಮುಂದೆ ಹೋಗಬೇಕು. ಏಕೆ ಖಾಲಿ ಎಂದು ಕೇಳುವಂತಿಲ್ಲ, ಯಾರು ಹಾಕಿದರು ಎಂದು ಹೇಳುವಂತಿಲ್ಲ, ಪಡೆದವರು ಕೃತಜ್ಞತೆ ಹೇಳಲು ಬರುವಂತೆಯೂ ಇಲ್ಲ. ಈ ಏರ್ಪಾಡು ನೋಡಲು ಆಚೆ ಊರುಗಳಿಂದ ಹೆಂಗಸರು ಬರುತ್ತಿದ್ದರು. "ನಿಮ್ಮೂರಲ್ಲಿ ಎಲ್ಲರೂ ಗೊಟ್ಟ ಕಟ್ಟಿದಾರಾ?" ಎಂದು ಅವರು ಕೇಳಿದರೆ ದಾರ್ಮಿ ಚಹಾ ತರುವ ನೆವದಲ್ಲಿ ಎದ್ದು ಹೋಗುತ್ತಿದ್ದಳು. ತುಕಿನಾ ನೆಲ ನೋಡಿಕೊಂಡು, "ಒಂದ್ಮನೆ ಬಿಟ್ಟು" ಎನ್ನುತ್ತಿದ್ದಳು.

ಆ ಒಂದು ಮನೆ ಅವಳ ಒಡಹುಟ್ಟಿದ ತಂಗಿ ಪೊನಿರಾಳದು.

ಪೊನಿರಾಳ ಬಾಗಿಲಲ್ಲಿ ಮೊಳೆಯಿತ್ತು, ಗೊಟ್ಟವಿರಲಿಲ್ಲ. ದಿನವೂ ತುಕಿನಾ ಅಲ್ಲಿ ನಿಲ್ಲುತ್ತಿದ್ದಳು. ತುಕ್ಕು ಹಿಡಿದ ಮೊಳೆಯನ್ನು ನೋಡುತ್ತಿದ್ದಳು. ಒಳಗೆ ಬಾಣಲೆಯ ಸದ್ದು, ಹುರಿದ ಬೆಳ್ಳುಳ್ಳಿಯ ವಾಸನೆ, ತಂಗಿಯ ಕೆಮ್ಮು.

"ನಡಿಯೇ, ಮೊಳೆಯೇನು ಮರಿ ಹಾಕುತ್ತಾ?" ಎಂದು ದಾರ್ಮಿ ತೋಳು ಹಿಡಿದು ಎಳೆಯುತ್ತಿದ್ದಳು. ಒಂಬತ್ತು ವರ್ಷದಿಂದ ಅದೇ ಮಾತು, ಅದೇ ಎಳೆದಾಟ.

ತಪ್ಪು ತುಕಿನಾಳದೇ. ಆ ವರ್ಷ ಮೂರು ದಿನ ಸಾಲಾಗಿ ಪೊನಿರಾಳ ಗೊಟ್ಟ ಖಾಲಿಯಿತ್ತು. ಬಡಗಿಯಾದ ಅವಳ ಗಂಡನಿಗೆ ಕೆಲಸ ತಪ್ಪಿದೆ ಎಂದು ಊರಲ್ಲಿ ಸುದ್ದಿಯೂ ಇತ್ತು. ತಂಗಿಯ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದುಕೊಂಡಳು ತುಕಿನಾ. ಹಿಂದುಮುಂದು ನೋಡದೆ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು, ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತು, ಮಟಮಟ ಮಧ್ಯಾಹ್ನ ತಂಗಿಯ ಮನೆಗೆ ಹೋದಳು. ಹೋದರೆ ನಡುಮನೆಯಲ್ಲಿ ಚಾಪೆ ಹಾಸಿತ್ತು. ಪೊನಿರಾಳ ಮಗಳನ್ನು ಕೇಳಲು ಗಂಡಿನ ಕಡೆಯವರು ಬಂದು ಕೂತಿದ್ದರು. ತಟ್ಟೆಯಲ್ಲಿ ಬಾಳೆಹಣ್ಣಿನ ಕರಿದ ತಿಂಡಿ, ಲೋಟಗಳಲ್ಲಿ ಬಿಸಿ ಚಹಾ. ತುಕಿನಾ ಬಾಗಿಲಲ್ಲೇ, "ಪೊನಿರಾ, ಅಕ್ಕಿಯಿಲ್ಲ ಅಂತ ಅಕ್ಕಂಗೊಂದು ಮಾತು ಹೇಳೋಕಾಗ್ಲಿಲ್ವಾ?" ಎಂದುಬಿಟ್ಟಳು.

ಗಂಡಿನ ತಾಯಿ ಲೋಟ ಕೆಳಗಿಟ್ಟಳು.

ಆಮೇಲೆ ತಿಳಿದದ್ದು ಇಷ್ಟು. ಪೊನಿರಾ ದಿನವೂ ಅಕ್ಕಿ ಹಾಕುತ್ತಲೇ ಇದ್ದಳು. ಗೊಟ್ಟದ ತಳ ಸೀಳಿತ್ತು. ಸೋರಿದ ಕಾಳನ್ನೆಲ್ಲ ಅವಳದೇ ಹೇಟೆಕೋಳಿ ತಿಂದು ಕೊಬ್ಬಿ ಕೂತಿತ್ತು. ತಳ ನೋಡುವ ಕಟ್ಟಳೆ ಹುಟ್ಟಿದ್ದೇ ಆಮೇಲೆ. ಆ ದಿನ ನೆಂಟರು ಹೋದದ್ದೇ ತಡ, ಪೊನಿರಾ ಗೊಟ್ಟವನ್ನು ಕಿತ್ತು ಬಿದಿರುಮೆಳೆಗೆ ಎಸೆದಳು. ಸಂಬಂಧ ಹೇಗೋ ಕೂಡಿಬಂತು, ಮದುವೆಯೂ ಆಯಿತು. ಆದರೆ ದೊಡ್ಡಮ್ಮನಾದ ತುಕಿನಾಳಿಗೆ ಊರಿಗೆಲ್ಲ ಹಂಚಿದ ಹಾಗೆ ಒಂದು ಕರೆಯೋಲೆ ಬಂತು, ಅಷ್ಟೆ. ಹುಡುಗಿಯ ಮುಡಿಗೆ ಮಲ್ಲಿಗೆ ಕಟ್ಟಬೇಕಾದವಳು ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಉಂಡು ಬಂದಳು. ಉಪಕಾರ ಮಾಡಹೊರಟವರಿಗೆ ಉಪಕಾರದ ಮದವೂ ಇರುತ್ತದೆ. ಅದು ಇಳಿಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ತಪ್ಪಾಯಿತು ಎನ್ನಲು ಅವಳಿಗೆ ದಾರಿಯೂ ಇರಲಿಲ್ಲ. ರಂಜಾನ್ ಹಬ್ಬದ ದಿನ ಕಿರಿಯರು ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳುವುದು ವಾಡಿಕೆ. ಪೊನಿರಾ ಒಂದು ವರ್ಷವೂ ತಪ್ಪಿಸಲಿಲ್ಲ. ಬಂದು, ಮಂಡಿಯೂರಿ, ಅಕ್ಕನ ಮೊಣಕಾಲಿಗೆ ಹಣೆ ಮುಟ್ಟಿಸಿ, "ನನ್ನಿಂದ ತಪ್ಪಾಗಿದ್ರೆ ತಾವು ಕ್ಷಮಿಸಬೇಕು" ಎನ್ನುತ್ತಿದ್ದಳು. ತಾವು! ಒಂದೇ ಚಾಪೆಯಲ್ಲಿ ಮಲಗಿ, ಮಡಕೆಯ ತಳ ಹಿಡಿದ ಅನ್ನಕ್ಕೆ ಜುಟ್ಟು ಹಿಡಿದು ಕಿತ್ತಾಡಿದ ತಂಗಿ! ತುಕಿನಾ, "ಪೊನಿ, ನಾನು ಆವತ್ತು..." ಎಂದು ಬಾಯಿ ತೆರೆಯುವುದರೊಳಗೆ ಅವಳು ಎದ್ದು ಸೆರಗು ಸರಿಮಾಡಿಕೊಂಡು ಅಂಗಳ ದಾಟಿರುತ್ತಿದ್ದಳು. ಇಟ್ಟ ಚಹಾ ಇಟ್ಟ ಹಾಗೇ ಆರುತ್ತಿತ್ತು. ಹಿರಿಯಳು ಕಿರಿಯಳ ಮನೆಗೆ ಹೋಗಿ ಕ್ಷಮೆ ಕೇಳುವ ಪದ್ಧತಿಯನ್ನು ಯಾವ ಪುಣ್ಯಾತ್ಮನೂ ಮಾಡಿಟ್ಟಿರಲಿಲ್ಲ.

ತುಕಿನಾ ಆ ಗೊಟ್ಟವನ್ನು ಅಂದೇ ಮೆಳೆಯಿಂದ ಹುಡುಕಿ ತಂದಿದ್ದಳು. ಸೀಳಿಗೆ ಹಲಸಿನ ಮೇಣ ತುಂಬಿ, ಮೇಲೆ ನಾರಿನ ಹುರಿ ಸುತ್ತಿದ್ದಳು. ತಂಗಿಯ ಜೊತೆ ಮಾತಾಡಬೇಕು ಅನ್ನಿಸಿದಾಗ ಅದನ್ನು ತೆಗೆದು ಒರೆಸಿಡುತ್ತಿದ್ದಳು. ಹಾಗೆ ಅನ್ನಿಸದ ದಿನವಿರಲಿಲ್ಲ.

ಈ ವರ್ಷ ಮಳೆ ಹಿಡಿದ ಹೊಸತರಲ್ಲಿ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ತುಕಿನಾಳ ಮಂಡಿ ಉಳುಕಿತು. ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ವಿಧವೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ದಾರ್ಮಿ ಹೊತ್ತುಹೊತ್ತಿಗೆ ಅನ್ನ, ತೆಂಗಿನಹಾಲಿನ ಪಲ್ಯ ತಂದಿಟ್ಟು ಹೋಗುತ್ತಿದ್ದಳು. ತುಕಿನಾಳಿಗೆ ನೋವಿಗಿಂತ ಹೆಚ್ಚು ಕಾಡಿದ್ದು ಬಾಗಿಲ ಗೊಟ್ಟ. ಊರಿಗೆಲ್ಲ ಹೇಳುವವಳ ಗೊಟ್ಟವೇ ಖಾಲಿ! ನಾಲ್ಕನೆಯ ಸಂಜೆ ದಾರ್ಮಿ ಬಂದಾಗ ತಡೆಯಲಾರದೆ ಕೇಳಿದಳು.

"ನನ್ನ ಗೊಟ್ಟ ಖಾಲಿಯಿತ್ತಲ್ಲ, ನೀನೇ ತುಂಬಿಸಿದ್ಯಾ?"

"ನಾನ್ಯಾಕೆ ತುಂಬಿಸ್ಲಿ? ದಿನಾ ಒಂದ್ ಹಿಡಿ ಇರುತ್ತಲ್ಲ. ಕುಂಟ್ಕೊಂಡು ಬಂದಾದ್ರೂ ಹಾಕ್ತಾಳೆ, ಹಟಮಾರಿ ಮುದುಕಿ ಅಂದ್ಕೊಂಡೆ."

"ನಾನು ಹಾಸಿಗೆ ಬಿಟ್ಟೆದ್ದಿಲ್ಲ ಕಣೇ."

"ಮತ್ತೆ ದೆವ್ವ ಹಾಕ್ತಾ? ಅಕ್ಕಿ ಜೊತೆ ಒಣಮೆಣಸಿನಕಾಯಿ ಬೇರೆ. ಇವತ್ತು ನೋಡು, ಬೆರಳೆಲ್ಲ ಉರಿ."

ತುಕಿನಾ ಗೋಡೆ ಹಿಡಿದು ಎದ್ದಳು. ದಾರ್ಮಿಯ ಅಂಗೈಯಲ್ಲಿ ಒಂದು ಒಣಮೆಣಸಿನಕಾಯಿ ಇತ್ತು. ನುಸಿ ಹಿಡಿಯದಿರಲಿ ಎಂದು ಊರಿನವರೆಲ್ಲ ಅಕ್ಕಿಗೆ ಎಲೆ ಹಾಕಿಡುತ್ತಾರೆ. ಮೆಣಸಿನಕಾಯಿ ಹಾಕಿಡುತ್ತಿದ್ದವಳು ಒಬ್ಬಳೇ, ಅವರ ಅವ್ವ. ಅವ್ವ ಹೋದ ಮೇಲೆ ಅವಳ ಅಕ್ಕಿ ಗುಡಾಣ ಕಿರಿಯ ಮಗಳ ಪಾಲಿಗೆ ಹೋಗಿತ್ತು.

ಅಕ್ಕನ ಗೊಟ್ಟ ಒಂದು ದಿನವೂ ಊರವರ ಕಣ್ಣಿಗೆ ಖಾಲಿ ಕಾಣದಂತೆ ಪೊನಿರಾ ನೋಡಿಕೊಂಡಿದ್ದಳು. ಅಕ್ಕ ತನ್ನ ಮಾನ ಕಳೆದಿದ್ದರೂ ತಂಗಿ ಅಕ್ಕನ ಮಾನ ಕಾದಿದ್ದಳು. ತುಕಿನಾ ಹೊಸಿಲ ಮೇಲೆ ಕೂತು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ದಾರ್ಮಿ ಮಂಡಿ ನೋವೆಂದುಕೊಂಡು ಎಣ್ಣೆ ಬಿಸಿಮಾಡಲು ಹೋದಳು.

ಓಡಿಹೋಗಿ ತಂಗಿಯ ಕೈ ಹಿಡಿಯಬೇಕು ಅನ್ನಿಸಿತು. ಆದರೆ ಕೃತಜ್ಞತೆ ಹೇಳಬಾರದೆಂಬ ಕಟ್ಟಳೆ ಯಾರದು? ತಾನೇ ಕಟ್ಟಿದ ಬೇಲಿ ತನಗೇ ಅಡ್ಡ ಬಂತು. ಬಹಳ ಹೊತ್ತು ಯೋಚಿಸಿ, ಆ ಹಳೆಯ ಗೊಟ್ಟವನ್ನು ತಂದು ತನ್ನ ಗೊಟ್ಟದ ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆದು ತೂಗುಹಾಕಿದಳು, ಖಾಲಿಯಾಗಿ. ಈ ಊರಲ್ಲಿ ಖಾಲಿ ಗೊಟ್ಟಕ್ಕೆ ಇರುವುದು ಒಂದೇ ಅರ್ಥ: ನನ್ನಲ್ಲಿಲ್ಲ, ನೀನು ಕೊಡು.

"ಎರಡು ಯಾಕೆ? ಇದೊಂದು ಖಾಲಿಯಿದೆ, ತುಂಬಿಸ್ಲಾ?" ಎಂದಳು ದಾರ್ಮಿ.

"ಅದನ್ನ ಮುಟ್ಟಿದ್ರೆ ನೋಡು!"

ಐದು ದಿನ ಕಳೆಯಿತು. ಮಂಡಿ ವಾಸಿಯಾಗಿತ್ತು, ಆದರೂ ತುಕಿನಾ ಮನೆ ಬಿಟ್ಟು ಹೊರಡಲಿಲ್ಲ, ಗೊಟ್ಟಕ್ಕೆ ಅಕ್ಕಿ ಹಾಕಲಿಲ್ಲ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂದು ಲೋಕ ನಗುತ್ತದೆ. ಅವಳಿಗೆ ಆ ಒಂದು ಹಿಡಿಯ ಮೇಲೆ ಆಸೆ ಹುಟ್ಟಿದ್ದೇ ಪ್ರೀತಿಯಿಂದ. ಹಿತ್ತಿಲಲ್ಲಿ ಬಟ್ಟೆ ಒಗೆದು ಬರುವಷ್ಟರಲ್ಲಿ ಅವಳ ಗೊಟ್ಟದಲ್ಲಿ ಅಕ್ಕಿ ಬಿದ್ದಿರುತ್ತಿತ್ತು, ಮೇಲೊಂದು ಮೆಣಸಿನಕಾಯಿ. ಪಕ್ಕದ್ದು ಮಾತ್ರ ಖಾಲಿ. ದಿನವೂ ಬೆರಳು ಹಾಕಿ ನೋಡುವಳು, ದಿನವೂ ಬರಿಯ ಬಿದಿರು.

ಆರನೆಯ ಸಂಜೆ ಬಂದು ನೋಡಿದರೆ ಹಳೆಯ ಗೊಟ್ಟವೇ ಇರಲಿಲ್ಲ. ತನ್ನ ಗೊಟ್ಟದಲ್ಲಿ ಒಂದು ಕಾಳೂ ಇರಲಿಲ್ಲ.

ತುಕಿನಾ ಅಂಗಳವೆಲ್ಲ ಹುಡುಕಿದಳು. ಪೊನಿರಾ ಮತ್ತೆ ಮೆಳೆಗೆ ಎಸೆದಳೇ? ಖಾಲಿ ಗೊಟ್ಟ ಕಂಡು, ಅಕ್ಕ ಹಳೆಯದನ್ನು ಎತ್ತಿ ಚುಚ್ಚುತ್ತಿದ್ದಾಳೆ ಎಂದುಕೊಂಡಳೇ? ಅಯ್ಯೋ, ಎರಡನೆಯ ಸಲವೂ ನಾನೇ ಕೆಡಿಸಿದೆನೇ? ದಾರ್ಮಿ ಬರುವುದನ್ನೂ ಕಾಯದೆ ಚೀಲ ಹೆಗಲಿಗೆ ಹಾಕಿ ಹೊರಟಳು. ಮೊದಲ ಮೂರು ಮನೆಗಳ ಅಕ್ಕಿ ಚೀಲಕ್ಕೆ ಹೇಗೆ ಬಿತ್ತೋ ತಿಳಿಯಲಿಲ್ಲ. ದಾರ್ಮಿ ಏದುಸಿರು ಬಿಡುತ್ತ ಹಿಂದಿನಿಂದ ಓಡಿಬಂದಳು.

ನಾಲ್ಕನೆಯದು ಪೊನಿರಾಳ ಮನೆ. ಮೊಳೆಯಲ್ಲಿ ಗೊಟ್ಟವಿತ್ತು. ಅದೇ ಗೊಟ್ಟ, ಅವಳು ಸುತ್ತಿದ ಅದೇ ಹುರಿ.

ತುಕಿನಾ ಕೈ ಚಾಚಿದಳು. ಒಳಗೆ ಅಕ್ಕಿಯಿತ್ತು, ಹಿಡಿಯಲ್ಲ, ಕಂಠಮಟ್ಟ.

"ಮೊದ್ಲು ತಳ ನೋಡು" ಎಂದಿತು ಬಾಗಿಲ ಹಿಂದಿನಿಂದ ಒಂದು ದನಿ. "ನೀನೇ ಮಾಡಿದ ಕಟ್ಟಳೆಯಲ್ವಾ?"

ತುಕಿನಾ ಕೆಳಗಿನಿಂದ ತಳಕ್ಕೆ ಬೆರಳೊತ್ತಿ ನೋಡಿದಳು. ಗಟ್ಟಿಯಿತ್ತು.

"ಇದೇನು ಗಂಟು ಹಾಕಿದೀಯೇ ಅಕ್ಕಾ? ಅವ್ವ ಅಷ್ಟು ಹೇಳಿಕೊಟ್ರೂ ನಿಂಗೆ ಒಂದು ಗಂಟು ನೆಟ್ಟಗೆ ಬರ್ಲಿಲ್ಲ." ದನಿ ಒಮ್ಮೆ ಕೆಮ್ಮಿತು. "ಕಾಲು ಗಟ್ಟಿಯಾದ ಮೇಲೂ ಐದು ದಿನ ನನ್ನ ಅಕ್ಕಿ ತಿಂದ್ಯಲ್ಲ, ನಾಚಿಕೆ ಆಗ್ಲಿಲ್ವಾ? ಬಟ್ಟೆ ಒಗೆಯೋ ಸದ್ದು ನಂಗೆ ಕೇಳಿಸಲ್ವಾ?"

"ನಿನ್ನ ಹೇಟೆ ತಿನ್ಲಿಲ್ವಾ? ನಾನೂ ತಿಂದೆ" ಎಂದಳು ತುಕಿನಾ. ಕಂಬ ಬಿಟ್ಟು ಬಾಗಿಲ ಹತ್ತಿರ ಸರಿದಳು. ಆಮೇಲೆ ಹೇಳಿದಳು, "ಪೊನಿ, ಆವತ್ತು ನಂದು ತಪ್ಪಾಯ್ತು ಕಣೇ. ದೊಡ್ಡ ತಪ್ಪಾಯ್ತು."

ಬಾಗಿಲು ತೆರೆಯಿತು. ಪೊನಿರಾಳ ಕೂದಲು ಅರ್ಧ ನರೆತಿತ್ತು. ಹಬ್ಬದ ದಿನ ಬಗ್ಗಿದ ತಲೆಯನ್ನಷ್ಟೇ ಕಂಡಿದ್ದ ತುಕಿನಾಳಿಗೆ ಮುಖದ ಸುಕ್ಕುಗಳು ಇಂದೇ ಕಂಡವು. ಒಂಬತ್ತು ವರ್ಷ ಎಷ್ಟು ಉದ್ದ ಎಂದು ಆಗ ಅವಳಿಗೆ ತಿಳಿಯಿತು.

"ನಿಂತ್ಕೊಂಡೇ ಅಳ್ತೀಯಾ? ಮಂಡಿ ಮತ್ತೆ ಊದ್ಕೊಳ್ಳುತ್ತೆ. ಬಾ ಒಳಗೆ, ಚಹಾ ಆರುತ್ತೆ."

ದಾರ್ಮಿ ಸದ್ದಿಲ್ಲದೆ ತುಕಿನಾಳ ಹೆಗಲಿನಿಂದ ಚೀಲ ಇಳಿಸಿಕೊಂಡಳು. ಉಳಿದ ಐವತ್ತೇಳು ಮನೆಯ ಅಕ್ಕಿಯನ್ನು ಅಂದು ಅವಳೊಬ್ಬಳೇ ಎತ್ತಿದಳು.