ಗೋಡೆಯಿಲ್ಲದ ಹೊಸ್ತಿಲು

ಆ ಊರಿನ ಹೆಸರು ಹೇಳಿದರೆ ಸುತ್ತಲಿನ ಹತ್ತೂರಿನವರು ‘ಅದು ನಮ್ಮದೇ’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಹೆಸರು ಬೇಡ. ಕುಂಬಾರರದು, ಗಾಣಿಗರದು, ನೇಕಾರರದು, ಬಡಗಿಗಳದು ಎಂದು ಅಲ್ಲಿ ನಾಲ್ಕು ಕೇರಿಗಳಿದ್ದವು. ನಾಲ್ಕೂ ಕೂಡುವ ಕಡೆ ಒಂದು ಕಟ್ಟೆ. ಊರಿನ ತಲೆಯ ಮೇಲೆ ಕೂತಂತೆ ಒಂದು ದಿಬ್ಬ, ದಿಬ್ಬದ ಮೇಲೆ ಊರಿನ ಯಜಮಾನ ದೊಡ್ಡಯ್ಯನ ಮನೆ.

ಕಟ್ಟೆಯ ಮೇಲೆ ಇರುತ್ತಿದ್ದವನು ಗುರುತಪ್ಪ. ಯಾರು ಹೆತ್ತರೋ, ಕೂಸಾಗಿದ್ದಾಗ ಅದೇ ಕಟ್ಟೆಯ ಮೇಲೆ ಸಿಕ್ಕವನು. ಕುಂಬಾರ ಕೇರಿಯ ಕಾಳವ್ವ ತನ್ನ ಮಗಳು ತಿಮ್ಮಿಯ ಜೊತೆಗೆ ಅವನಿಗೂ ಮುದ್ದೆ ಹಾಕಿ ಬೆಳೆಸಿದಳು. ಊರಿನ ಒಂದೊಂದು ಮುಖವೂ, ಆ ಮುಖ ಯಾವ ಬಾಗಿಲಿನದು ಎಂಬುದೂ ಅವನಿಗೆ ಗೊತ್ತು. ಕಣ್ಣು ಕಟ್ಟಿ ಬಿಟ್ಟರೂ ಕೆಮ್ಮು ಕೇಳಿ ಮನೆ ಹೇಳುತ್ತಿದ್ದ. ಹೇಳಿ ಸುಮ್ಮನಿರುತ್ತಲೂ ಇರಲಿಲ್ಲ. ‘ನನ್ನಂಥವನು ಏಳು ಸೀಮೆಯಲ್ಲಿ ಇದ್ದರೆ ತೋರಿಸಿ’ ಎಂದು ಮೀಸೆ ತಿರುವುತ್ತಿದ್ದ. ಅದರಲ್ಲಿ ಸುಳ್ಳೇನೂ ಇಲ್ಲ, ಅಂಥವನು ಇರಲಿಲ್ಲ.

ಒಂದೇ ಕೇರಿಯೊಳಗಿನ ಮಾತಾದರೆ ಅವನು ಈ ಮನೆಯಿಂದ ಆ ಮನೆಗೆ ಗಾಳಿಯಂತೆ ಮುಟ್ಟಿಸುತ್ತಿದ್ದ. ಕೇರಿ ದಾಟುವ ಮಾತಿಗೆ ಮಾತ್ರ ಬೇರೆ ಕಟ್ಟಳೆ. ‘ನಮ್ಮ ಕೇರಿಯಲ್ಲಿ ಹೊಸ್ತಿಲಿಲ್ಲದವನಿಗೆ ಹೊರಗಿನ ಮಾತು ಒಪ್ಪಿಸಬಾರದು, ಅವನಿಂದ ಹೊರಗಿನ ಮಾತು ಕೇಳಬಾರದು’ ಎಂಬುದು ಊರಿನ ನೇಮ. ನಾಲ್ಕು ಕೇರಿಗಳಲ್ಲೂ ಹೊಸ್ತಿಲಿದ್ದವನು ದೊಡ್ಡಯ್ಯ ಒಬ್ಬನೇ. ಪ್ರತಿ ಕೇರಿಯ ಬಾಯಲ್ಲಿ ಅವನ ಹೆಸರಿನ ಒಂದು ಹೊಸ್ತಿಲುಗಲ್ಲು. ಹಿಂದೆ ಮನೆಯಿಲ್ಲ, ಗೋಡೆಯಿಲ್ಲ, ಬರೀ ಕಲ್ಲು. ಪಕ್ಕದ ಕೇರಿಯಿಂದ ಹಿಡಿ ಉಪ್ಪು ಬೇಕಾದರೂ ಆ ಕಲ್ಲಿನ ಮುಂದೆ ಹೇಳಬೇಕು. ಗುರುತಪ್ಪ ಆ ಮಾತನ್ನು ಹೊತ್ತು ದಿಬ್ಬ ಹತ್ತಬೇಕು. ದೊಡ್ಡಯ್ಯ ‘ಹೂಂ’ ಅನ್ನಬೇಕು. ಆಮೇಲೆ ಇವನು ಮತ್ತೆ ಇಳಿಯಬೇಕು. ದಿಬ್ಬಕ್ಕೆ ಇದ್ದದ್ದೋ ಒಂದೇ ಕಾಲುದಾರಿ.

ತಿಮ್ಮಿಗೆ ಚೊಚ್ಚಲ ಹೆರಿಗೆಯ ನೋವು ಬಂದಾಗ, ಗಾಣಿಗರ ಕೇರಿಯ ಸೂಲಗಿತ್ತಿ ಚೆಲುವವ್ವನಿಗೆ ಹೋಗಬೇಕಾದ ಕರೆ ದಿಬ್ಬದ ಮೇಲೆ ಬೆಲ್ಲದ ಮಾತು, ಬಾಚಣಿಗೆಯ ಮಾತುಗಳ ಹಿಂದೆ ಸಾಲು ನಿಂತಿತು. ಚೆಲುವವ್ವ ಬರುವ ಹೊತ್ತಿಗೆ ಕೂಸು ತಣ್ಣಗಾಗಿತ್ತು. ಆ ಎರಡು ಕೇರಿಗಳ ನಡುವೆ ಇದ್ದದ್ದು ಒಂದು ಕಟ್ಟೆ, ಕಟ್ಟೆಯ ಮೇಲೆ ಇದ್ದವನು ಗುರುತಪ್ಪ. ಅವನು ಅಂದು ಮೀಸೆ ಮುಟ್ಟಲಿಲ್ಲ.

ತಿಮ್ಮಿ ಮತ್ತೆ ಬಸುರಿಯಾದಾಗ ಅವನು ಯಾರ ಮಾತನ್ನೂ ಹೊರದೆ ದಿಬ್ಬ ಹತ್ತಿದ.

“ಕೇರಿಗಳ ಹೊಸ್ತಿಲು ನಂಗೆ ಬಿಟ್ಟುಕೊಡಿ, ಬುದ್ಧಿ.”

ದೊಡ್ಡಯ್ಯ ಎಲೆಗೆ ಸುಣ್ಣ ಸವರುತ್ತಿದ್ದವನು ತಲೆ ಎತ್ತಿದ. “ನಿಂಗಾ? ಯಾವ ಕೇರಿಯವನ್ಲಾ ನೀನು?”

“ಯಾವುದೂ ಅಲ್ಲ.”

“ಕೇರಿನೇ ಇಲ್ದೋನಿಗೆ ನಾಲ್ಕು ಹೊಸ್ತಿಲು. ಬೋಳುತಲೆಗೆ ನಾಲ್ಕು ಬಾಚಣಿಗೆ.”

ದೊಡ್ಡಯ್ಯ ನಗುವಷ್ಟು ನಗಲಿ ಎಂದು ಗುರುತಪ್ಪ ಬಿಟ್ಟ. ಯಾರಿಗೆ ಎಲ್ಲಿ ತುರಿಸಿದರೆ ಸುಖ ಎಂಬುದೂ ಅವನಿಗೆ ಗೊತ್ತಿತ್ತು. “ಉಪ್ಪಿನ ಮಾತು, ಹುಣಿಸೇಹಣ್ಣಿನ ಮಾತು, ಅತ್ತೆ ಸೊಸೆ ಮಾತು, ಇವೆಲ್ಲ ತಮ್ಮ ಕಿವಿಗೆ ಬೀಳೋವಂಥವಾ, ಬುದ್ಧಿ? ತಾವು ಸೀಮೆ ನೋಡ್ಕೊಳ್ಳೋರು. ಊರಾಚೆ ಮಾತೆಲ್ಲ ತಮ್ಮ ಹತ್ರನೇ ಬರ್ಲಿ. ಕಸ ನಂಗಿರ್ಲಿ.”

ದೊಡ್ಡಯ್ಯ ಉಬ್ಬಿಹೋದ. “ಕಸ ನಿಂಗೇ ಇರ್ಲಿ ತಗೋ. ಒಂದು ಕೇರೀಲಿ ಇಬ್ಬರ ಹೊಸ್ತಿಲು ಮಾತ್ರ ಇರಕೂಡದು. ನೀನು ಕಲ್ಲು ಇಟ್ಟ ಕಡೆ ನಂದು ಕಿತ್ತುಹಾಕು.”

ಗುರುತಪ್ಪ ಇಳಿದು ಬಂದವನೇ ಕುಂಬಾರ ಕೇರಿಯಲ್ಲಿದ್ದ ದೊಡ್ಡಯ್ಯನ ಕಲ್ಲು ಕಿತ್ತು ಕಟ್ಟೆಯ ಪಕ್ಕಕ್ಕೆ ಉರುಳಿಸಿದ. ಅದರ ಜಾಗದಲ್ಲಿ ಮಡಕೆ ಮಾಡುವ ತಿಗರಿಯ ಸವೆದುಹೋದ ಕಲ್ಲೊಂದನ್ನು ತನ್ನ ಹೆಸರಿನಲ್ಲಿ ಹೂತ. ಅಷ್ಟಕ್ಕೇ ಕೈ ಒರೆಸಿಕೊಂಡ.

“ಉಳಿದ ಕೇರಿಗಳಿಗೆ ಬ್ಯಾಡ್ವೇನ್ಲಾ?” ಎಂದಳು ಕಾಳವ್ವ.

“ಕರೆಯೋರು ಈ ಕೇರೀಲಿ. ಕರೆ ಹೊರಡೋದು ಈ ಕೇರಿಯಿಂದ. ಚೆಲುವವ್ವನ ಮುಖ ನಂಗೆ ಗೊತ್ತಿಲ್ವಾ? ಕಣ್ಣು ಮುಚ್ಕೊಂಡು ಮುಟ್ಟಿಸ್ತೀನಿ, ಬಿಡವ್ವ.”

ಮುಟ್ಟಿಸಿದ. ತಿಮ್ಮಿಗೆ ನೋವು ಬಂದ ಬೆಳಗ್ಗೆ ಕಾಳವ್ವ ತಿಗರಿಕಲ್ಲಿನ ಮುಂದೆ ಕರೆ ಹೇಳಿ ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಚೆಲುವವ್ವನ ಬಾಗಿಲಲ್ಲಿತ್ತು. ಆ ಕೇರಿಯಲ್ಲಿ ಅವನಿಗೆ ಹೊಸ್ತಿಲಿಲ್ಲದಿದ್ದರೂ, ಹೆರಿಗೆಯ ಕರೆಯೆಂದು ಅವಳು ಕಿವಿಗೊಟ್ಟಳು. ಊರಿಗೆ ಊರೇ ಬೆರಗಾಗಬೇಕಿತ್ತು. ಆದರೆ ಚೆಲುವವ್ವ ಪಳಗಿದ ಕೈ; ನೋವು ಬೆನ್ನಿಗೋ ಕಿಬ್ಬೊಟ್ಟೆಗೋ ತಿಳಿಯದೆ ಬೇರು ಎಣ್ಣೆಗಳ ಗಂಟು ಕಟ್ಟುವವಳಲ್ಲ. ಹೊಸ್ತಿಲಿಲ್ಲದವನಿಗೆ ಮಾತು ಒಪ್ಪಿಸುವಂತಿಲ್ಲವೆಂದು, ಅದನ್ನು ಕೇಳಿ ಕಳಿಸಲು ತನ್ನ ಕೇರಿಯ ಹೊಸ್ತಿಲಿಗೆ ಬಂದಳು. ಅಲ್ಲಿ ಇನ್ನೂ ದೊಡ್ಡಯ್ಯನ ಕಲ್ಲೇ ಇತ್ತು. ಆ ಕಲ್ಲಿನ ಮುಂದೆ ಆಡಿದ ಮಾತು ದಿಬ್ಬಕ್ಕೇ ಹೋಗಬೇಕು. ಗುರುತಪ್ಪ ಬೇರೆ ದಾರಿ ಕಾಣದೆ ಅದನ್ನು ಹೊತ್ತು ಏದುಸಿರು ಬಿಡುತ್ತಾ ಹತ್ತಿದ.

“ಕುಂಬಾರ ಕೇರಿಗಾ?” ಎಂದ ದೊಡ್ಡಯ್ಯ. “ಅಲ್ಲಿ ನನ್ನ ಹೊಸ್ತಿಲು ಎಲ್ಲೈತೆ? ನೀನೇ ಕಿತ್ತೆಯಲ್ಲ. ಈ ಮಾತು ಎಲ್ಲಿ ಇಳಿಸ್ಲಿ?” ಬಾಯಿಯ ರಸ ಉಗುಳಿ ಬಂದು ಕೂತ. “ಹೋಗೋ ದಾರಿ ಮಾಡ್ದೆ, ಬರೋ ದಾರಿ ಯಾರು ಮಾಡ್ಬೇಕು? ಗುರುತಪ್ಪ ಅಲ್ಲ ಕಣೋ ನೀನು, ಗುರಿತಪ್ಪ.”

ಕೆಳಗಿನಿಂದ ತಿಮ್ಮಿಯ ಕೂಗು ಕೇಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದರು, ಇಲ್ಲವೇ ದೊಡ್ಡಯ್ಯನ ಕಾಲು ಹಿಡಿಯುತ್ತಿದ್ದರು. ಗುರುತಪ್ಪ ಎರಡನ್ನೂ ಮಾಡಲಿಲ್ಲ. ಬೈಗುಳದೊಳಗಿದ್ದ ಬುದ್ಧಿಮಾತನ್ನಷ್ಟೇ ಆರಿಸಿಕೊಂಡು ಗಾಣಿಗರ ಕೇರಿಗೆ ಓಡಿದ. ದೊಡ್ಡಯ್ಯನ ಕಲ್ಲು ಕಿತ್ತ. ಬೇಲಿಯ ಪಕ್ಕದಲ್ಲಿ ಒಡೆದು ಬಿದ್ದಿದ್ದ ಗಾಣದ ಕಲ್ಲನ್ನು ಉರುಳಿಸಿಕೊಂಡು ಬಂದ. ಕೇರಿಯ ಬಾಯಲ್ಲಿ ಕೂತಿದ್ದ ಅಜ್ಜ ಎದ್ದು ಕೋಲು ಅಡ್ಡ ಹಿಡಿದ.

“ಇಲ್ಲಿ ಹೊಸ್ತಿಲು ಇಡೋಕೆ ಯಾವ ಕೇರಿಯವನಯ್ಯ ನೀನು?”

“ನೀನು ನಿಂತು ಕೇಳ್ತಾ ಇದೀಯಲ್ಲ ಅಜ್ಜ, ಅದೇ ಕೇರಿಯವನು.”

ಅಜ್ಜ ತನ್ನ ಕಾಲ ಕೆಳಗಿನ ನೆಲ ನೋಡಿಕೊಂಡ. ಅವನು ತಲೆ ಎತ್ತುವಷ್ಟರಲ್ಲಿ ಕಲ್ಲು ನೆಲ ಕಚ್ಚಿತ್ತು. ಚೆಲುವವ್ವ ಅದರ ಮುಂದೆ ಮತ್ತೆ ಕೇಳಿದಳು. ಅತ್ತಲಿಂದ ‘ಬೆನ್ನಿಗೆ’ ಎಂಬ ಉತ್ತರ ಬಂತು. ಅವಳು ಗಂಟು ಕಟ್ಟಿಕೊಂಡು ಹೊರಟಳು. ಬಿಸಿಲೇರುವ ಮುಂಚೆ ಕುಂಬಾರ ಕೇರಿಯಲ್ಲಿ ಕೂಸು ಅತ್ತಿತು. ಆ ಅಳು ಯಾವ ಹೊಸ್ತಿಲನ್ನೂ ಕೇಳದೆ ನಾಲ್ಕು ಕೇರಿಗೂ ಮುಟ್ಟಿತು.

ಅಂದೇ ಅವನು ಉಳಿದ ಎರಡು ಕೇರಿಗಳಲ್ಲೂ ಕಲ್ಲು ಹೂತ. ಆಮೇಲೆ ಮಾತು ದಿಬ್ಬ ಹತ್ತುವುದೇ ನಿಂತಿತು. ಕಟ್ಟೆಯ ಹತ್ತಿರ ಬಂದು, ಅಲ್ಲೇ ತಿರುಗಿ, ಬೇಕಾದ ಕೇರಿಗೆ ಹೋಗುತ್ತಿತ್ತು. ಈಗ ಪಟ್ಟಣದ ಜಾಣರು ಕಂಪ್ಯೂಟರುಗಳ ನಡುವೆ ಮಾತು ಸಾಗಿಸುವ ಸ್ವಿಚ್ ಎಂಬ ಪೆಟ್ಟಿಗೆಗೆ ಒಂದೊಂದು ಜಾಲದಲ್ಲೂ ಒಂದೊಂದು ವಿಳಾಸ ಕೊಟ್ಟು, ಅದಕ್ಕೆ ಗೇಟ್‌ವೇ ಎಂದು ಹೆಸರಿಟ್ಟು, ದೊಡ್ಡ ವಿದ್ಯೆಯೆಂದು ಹೇಳಿಕೊಡುತ್ತಾರಂತೆ. ಹೇಳಿಕೊಡಲಿ. ನಮ್ಮ ಗುರುತಪ್ಪ ಅದನ್ನು ತಿಗರಿಕಲ್ಲಿನಲ್ಲೇ ಮಾಡಿ ಮುಗಿಸಿದ್ದ.

ದೊಡ್ಡಯ್ಯನಿಗೆ ಮೊದಮೊದಲು ಸುಖವೋ ಸುಖ. ಮಧ್ಯಾಹ್ನದ ನಿದ್ದೆಗೆ ಯಾರ ಕಾಟವೂ ಇಲ್ಲ. ಹೀಗಿರುವಾಗ ಅವನ ಸೊಸೆಗೆ ದಿನ ತುಂಬಿ ನೋವು ಬಂತು. ಅವನು ರುಮಾಲು ಸುತ್ತುವುದನ್ನೂ ಮರೆತು ಇಳಿದು ಬಂದು, ಗಾಣಿಗರ ಕೇರಿಯ ಬಾಯಲ್ಲಿ ನಿಂತು ಚೆಲುವವ್ವನನ್ನು ಕೂಗಿದ. ಅದೇ ಅಜ್ಜ ಅಲ್ಲಿ ಕೂತಿದ್ದ.

“ತಮ್ಮ ಹೊಸ್ತಿಲು ಎಲ್ಲೈತೆ ಅಂತ ನೋಡ್ತಾ ಇದೀನಿ, ಬುದ್ಧಿ. ಕಾಣ್ತಿಲ್ಲ.”

“ನಾನು ದೊಡ್ಡಯ್ಯ ಕಣಯ್ಯ.”

“ಮುಖ ಗೊತ್ತು ಬುದ್ಧಿ. ನೇಮಾನೂ ಗೊತ್ತು. ಮಾಡಿದ್ದು ತಮ್ಮ ತಾತನೋರೇ.”

ದೊಡ್ಡಯ್ಯ ಕಟ್ಟೆಗೆ ಬಂದ. ಗುರುತಪ್ಪ ಕಾಲ ಮೇಲೆ ಕಾಲು ಹಾಕಿ, ಮೀಸೆಗೆ ಕೈ ಹಾಕಿ, ಬಹಳ ದಿನದಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಕೇಳಿದ.

“ಯಾವ ಕೇರಿಯವರು ಬುದ್ಧಿ, ತಾವು?”

ದೊಡ್ಡಯ್ಯ ಬಾಯಿ ತೆರೆದ. ಅಷ್ಟರಲ್ಲಿ ದಿಬ್ಬದ ಮೇಲಿನಿಂದ ಒಂದು ಕೂಗು ಬಂತು. ಮುಖ ಬೇರೆ, ಬಾಗಿಲು ಬೇರೆ. ಕೂಗು ಮಾತ್ರ ಅಂದು ತಿಮ್ಮಿ ಕೂಗಿದಂತೆಯೇ. ಗುರುತಪ್ಪನ ಕೈ ಮೀಸೆಯಿಂದ ಕೆಳಗಿಳಿಯಿತು. ಅವನು ಎದ್ದು, ಕಿತ್ತುಹಾಕಿದ್ದ ದೊಡ್ಡಯ್ಯನ ಕಲ್ಲುಗಳಲ್ಲಿ ಒಂದನ್ನು ಮಗುಚಿದ.

“ಆ ಕಡೆ ಹಿಡೀರಿ. ಒಬ್ಬನ ಕೈಲಿ ಏಳೋ ಕಲ್ಲಲ್ಲ ಇದು.”

ಇಬ್ಬರೂ ಹೊತ್ತುಕೊಂಡು ಹೋಗಿ ದಿಬ್ಬದ ಬುಡದಲ್ಲಿ ಅದನ್ನು ಹೂತರು, ಗುರುತಪ್ಪನ ಹೆಸರಿನಲ್ಲಿ. ದೊಡ್ಡಯ್ಯ ಅದರ ಮುಂದೆ ನಿಂತು ಮೆಲ್ಲಗೆ ಕರೆ ಹೇಳಿದ. ಹೇಳಿ ಅವನು ಹಣೆಯ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಚೆಲುವವ್ವ ಗಂಟಿನೊಂದಿಗೆ ಅವನನ್ನು ದಾಟಿ ದಿಬ್ಬ ಹತ್ತುತ್ತಿದ್ದಳು.

ಈಗ ಆ ಊರಿಗೆ ಹೋಗಿ ಕೇಳಿದರೆ, ಕೇರಿಗಳು ಐದು ಅನ್ನುತ್ತಾರೆ. ಐದನೆಯದು ತೀರಾ ಚಿಕ್ಕದಂತೆ. ಎತ್ತರದಲ್ಲಿದೆ, ಒಂದೇ ಮನೆ.